‘ಯು ಹ್ಯಾಡ್ ಬೆಟರ್’ ಅಂದರೆ ‘ಮಾಡಿದರೆ ಒಳ್ಳೇದು’ ಅಲ್ಲ

ಪ್ರಶ್ನೆ: ಮೇಡಂ, ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ರಫ್ತು ವಿಭಾಗ ನೋಡಿಕೊಳ್ಳುತ್ತೇನೆ. ಓದಿದ್ದು ಕನ್ನಡ ಮಾಧ್ಯಮ. ಇಂಗ್ಲೆಂಡಿನ ಗ್ರಾಹಕರೊಬ್ಬರಿಗೆ ಹೋದ ತಿಂಗಳು ‘ಯು ಹ್ಯಾಡ್ ಬೆಟರ್ ಸೆಂಡ್ ದಿ ಡ್ರಾಯಿಂಗ್ಸ್ ಬೈ ಫ್ರೈಡೇ’ ಎಂದು ಮೇಲ್ ಹಾಕಿದೆ. ಶುಕ್ರವಾರದೊಳಗೆ ಕಳಿಸಿದರೆ ಒಳ್ಳೇದು ಅನ್ನುವ ಅರ್ಥದಲ್ಲಿ ಬರೆದದ್ದು. ಡ್ರಾಯಿಂಗ್ ಬಂತು, ಜೊತೆಗೆ ‘ಈಸ್ ದೇರ್ ಎ ಪ್ರಾಬ್ಲಮ್?’ ಎಂದು ಒಂದು ಸಾಲು. ಆವತ್ತಿನಿಂದ ಅವರ ಮಾತು ಬಿಗಿಯಾಗಿದೆ. ನನ್ನ ತಪ್ಪೇನು? ಇನ್ನೊಂದು ವಿಷಯ. ನಾನು ‘ಮೋರ್ ಬೆಟರ್’ ಅಂದಾಗಲೆಲ್ಲ ಪಿಯುಸಿ ಓದುವ ಮಗಳು ನಗುತ್ತಾಳೆ. ಆದರೆ ಕನ್ನಡ ಮಾತಾಡುವಾಗ ನಮ್ಮ ಮನೆಯಲ್ಲಿ ಎಲ್ಲರ ಬಾಯಲ್ಲೂ ದಿನವಿಡೀ ‘ಬೆಟರ್’. ಅದಕ್ಕೆ ನಮ್ಮಲ್ಲಿ ಪದವೇ ಇಲ್ಲವೇ?

ಉತ್ತರ: ಮೊದಲು ಮೇಲ್ ವಿಷಯ ಮಾತಾಡೋಣ, ಅದರಲ್ಲಿ ಒಂದು ಸಂಬಂಧ ಸಿಕ್ಕಿಕೊಂಡಿದೆ. ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ‘ಹ್ಯಾಡ್ ಬೆಟರ್’ ಆದ ಮೇಲೆ ‘ಟು’ ಹಾಕದೆ ನೇರವಾಗಿ ‘ಸೆಂಡ್’ ಬರೆದಿದ್ದೀರಿ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ನಾನು ಆ ವಾಕ್ಯಕ್ಕೆ ಪೂರ್ತಿ ಅಂಕ ಕೊಡುತ್ತಿದ್ದೆ. ಎಡವಿರುವುದು ಧಾಟಿಯಲ್ಲಿ.

‘ಹ್ಯಾಡ್ ಬೆಟರ್’ ಎಲ್ಲಿ ಬಂದರೂ ಅದರ ಬೆನ್ನಿಗೊಂದು ‘ಇಲ್ಲದಿದ್ದರೆ’ ಇರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಕೇಳುವವರಿಗೆ ಅದು ಕೇಳಿಸುತ್ತದೆ. ಮೋಡ ಕಟ್ಟಿದ ದಿನ ಮಗ ಹೊರಗೆ ಹೊರಟಾಗ ತಾಯಿ ‘ಯು ಹ್ಯಾಡ್ ಬೆಟರ್ ಟೇಕ್ ಎನ್ ಅಂಬ್ರೆಲಾ’ ಅನ್ನುತ್ತಾಳೆ. ಇಲ್ಲದಿದ್ದರೆ ನೆನೀತೀಯ ಅಂತ ಅರ್ಥ. ಅಲ್ಲಿ ಅದು ಕಾಳಜಿ. ಅದೇ ಮಾತನ್ನು ಮಾಲೀಕ ಕೆಲಸಗಾರನಿಗೆ ಹೇಳಿದರೆ ತಾಕೀತು. ಮಾಲು ಕೊಳ್ಳುವ ಗ್ರಾಹಕರಿಗೆ ಮಾಲು ಮಾಡಿಕೊಡುವವರು ಬರೆದರೆ ‘ಶುಕ್ರವಾರದೊಳಗೆ ಕಳಿಸಿ, ಇಲ್ಲದಿದ್ದರೆ ಆಮೇಲೆ ನೋಡಿ’ ಅಂದ ಹಾಗೆ. ಅದಕ್ಕೇ ಅವರು ‘ಏನಾದರೂ ತೊಂದರೆಯಾಗಿದೆಯಾ’ ಎಂದು ಕೇಳಿದ್ದು. ಅವರು ಕೋಪ ಮಾಡಿಕೊಂಡಿದ್ದಾರೆ ಅಂತ ನನಗೆ ಅನ್ನಿಸುವುದಿಲ್ಲ. ನಿಮಗೇ ಕೋಪ ಬಂದಿದೆ ಅಂದುಕೊಂಡಿರಬೇಕು.

ನೀವು ಹಾಗೆ ಬರೆಯುವುದಕ್ಕೆ ಕನ್ನಡವೇ ಕಾರಣ. ನಮ್ಮ ‘ಒಳ್ಳೇದು’ ಎರಡು ದಿಕ್ಕಿಗೂ ಹೋಗುತ್ತದೆ. ‘ಶುಕ್ರವಾರದೊಳಗೆ ಕಳಿಸಿಕೊಟ್ಟರೆ ಒಳ್ಳೇದಿತ್ತು’ ಅನ್ನುವುದಕ್ಕಿಂತ ವಿನಯದ ಮಾತು ಕಚೇರಿ ಕನ್ನಡದಲ್ಲಿ ಸಿಗುವುದು ಕಷ್ಟ. ಆದರೆ ‘ನೀನು ಬಾಯಿ ಮುಚ್ಚಿಕೊಂಡಿದ್ರೆ ಒಳ್ಳೇದು’ ಅಂದರೆ ಎದುರಿಗಿದ್ದವನು ಎದ್ದು ನಿಲ್ಲುತ್ತಾನೆ. ಯಾವುದು ಕೋರಿಕೆ, ಯಾವುದು ಬೆದರಿಕೆ ಎಂಬುದನ್ನು ನೀವು–ನೀನು, ‘ಒಳ್ಳೇದಿತ್ತು’–‘ಒಳ್ಳೇದು’, ದನಿಯ ಏರಿಳಿತ ಇವೆಲ್ಲ ಸೇರಿ ನಮಗೆ ತಿಳಿಸುತ್ತವೆ. ‘ಹ್ಯಾಡ್ ಬೆಟರ್’ಗೆ ಆ ಎರಡು ದಿಕ್ಕಿಲ್ಲ, ಅದು ಎಚ್ಚರಿಕೆಯ ಕಡೆಗೇ ವಾಲುತ್ತದೆ. ಇಂಗ್ಲಿಷಿನಲ್ಲಿ ವಿನಯ ಬೇಕಾದಾಗ ‘ಇಟ್ ವುಡ್ ಬಿ ಬೆಟರ್ ಇಫ್’ ಅಥವಾ ‘ಇಟ್ ವುಡ್ ಹೆಲ್ಪ್ ಅಸ್ ಇಫ್’ ಎಂದು ಸುತ್ತಿ ಬರಬೇಕು. ಬರವಣಿಗೆಯಲ್ಲಿ ‘ಹ್ಯಾಡ್ ಬೆಟರ್’ಗೂ ‘ವುಡ್ ಬಿ ಬೆಟರ್’ಗೂ ಹೆಚ್ಚು ಅಂತರ ಕಾಣದಿರಬಹುದು, ಕೇಳುವವರ ಮನಸ್ಸಿನಲ್ಲಿ ಮಾತ್ರ ಬಹಳ ಅಂತರವಿದೆ.

ಇಲ್ಲೊಂದು ಹಳೆಯ ಕಥೆ ಹೇಳಬೇಕು, ಕನ್ನಡದವರಿಗೆ ಇದು ಹಿಡಿಸುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಅವನು ಹೋಗುವುದು ಲೇಸು’ ಅನ್ನಬೇಕಾದಾಗ ‘ಅವನು’ ಎಂದು ಕರ್ತೃ ಹಾಕುತ್ತಿರಲಿಲ್ಲ. ‘ಅವನಿಗೆ’ ಎಂದು ಚತುರ್ಥಿ ಹಾಕಿ ‘ಅವನಿಗೆ ಹೀಗೆ ಮಾಡುವುದು ಲೇಸಾದೀತು’ ಅನ್ನುವ ರಚನೆಯಿತ್ತು, ಥೇಟ್ ನಮ್ಮ ‘ನಿನಗೇ ಒಳ್ಳೇದು’ ಇದ್ದ ಹಾಗೆ. ಶತಮಾನಗಳು ಕಳೆಯುತ್ತ ‘ಅವನಿಗೆ’ ಹೋಗಿ ‘ಅವನು’ ಬಂತು, ‘ಆದೀತು’ ಇದ್ದ ಜಾಗದಲ್ಲಿ ‘ಹ್ಯಾಡ್’ ಕೂತಿತು. ಹಾಗಾಗಿ ಇವತ್ತಿನ ‘ಹ್ಯಾಡ್ ಬೆಟರ್’ನಲ್ಲಿ ಭೂತಕಾಲವೂ ಇಲ್ಲ, ನೇರ ಹೋಲಿಕೆಯೂ ಇಲ್ಲ. ಈಗ ಅಥವಾ ಇನ್ನು ಸ್ವಲ್ಪ ಹೊತ್ತಿನಲ್ಲಿ ಆಗಬೇಕಾದ ಕೆಲಸಕ್ಕೆ ಮಾತ್ರ ಅದನ್ನು ಬಳಸುತ್ತಾರೆ.

ಹಾಗಂತ ಅದನ್ನು ಬಿಟ್ಟೇಬಿಡಿ ಅನ್ನುವುದಿಲ್ಲ. ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳುವಾಗ ಅದಕ್ಕೆ ಯಾವ ದೋಷವೂ ಇಲ್ಲ. ಒಬ್ಬರ ಮನೆಯಿಂದ ಏಳುವಾಗ ನಾವು ‘ಸರಿ, ಇನ್ನು ಬರ್ತೀನಿ’ ಅನ್ನುವ ಕಡೆ ಅವರು ‘ಐಡ್ ಬೆಟರ್ ಗೋ’ ಅನ್ನುತ್ತಾರೆ. ‘ವೀಡ್ ಬೆಟರ್ ಚೆಕ್ ದಿ ಮೆಷರ್‌ಮೆಂಟ್ಸ್’ ಕೂಡ ಸರಿ, ನಿಮ್ಮನ್ನೂ ಸೇರಿಸಿಕೊಂಡಿದ್ದೀರಲ್ಲ. ‘ಯು’ ಜೊತೆ ಹಾಕುವಾಗ ಮಾತ್ರ, ಎದುರಿಗಿರುವವರನ್ನು ಕನ್ನಡದಲ್ಲಿ ‘ನೀನು’ ಅನ್ನುವಷ್ಟು ಸಲಿಗೆ ಇದೆಯೇ ಎಂದು ಒಂದು ಕ್ಷಣ ಯೋಚಿಸಿ. ಇಲ್ಲವಾದರೆ ಬೇಡ.

ನಮ್ಮಲ್ಲಿ ಇನ್ನೊಂದು ರೂಪವೂ ಇದೆ: ‘ಬೆಟರ್ ಯು ಟೇಕ್ ಆಟೋ’. ಬೆಂಗಳೂರಿನ ಯಾವ ಬಸ್‌ಸ್ಟಾಪಿನಲ್ಲಿ ನಿಂತರೂ ಕೇಳಬಹುದು. ‘ಬೆಟರ್, ಆಟೋದಲ್ಲಿ ಹೋಗ್ಬಿಡಿ’ ಅನ್ನುವ ಕನ್ನಡದ ಧಾಟಿಯೇ ಅಲ್ಲಿ ಇಂಗ್ಲಿಷಾಗಿದೆ. ನಮ್ಮ ನಮ್ಮಲ್ಲಿ ಅದು ಸಲೀಸು, ಒಳ್ಳೆಯ ಮನಸ್ಸಿನ ಸಲಹೆ. ಅದನ್ನು ತಿದ್ದಲು ನಾನು ಹೋಗುವುದಿಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಬೇಡ, ಅವರಿಗೆ ಅದು ‘ಹ್ಯಾಡ್’ ಬಿಟ್ಟುಹೋದ ಆಜ್ಞೆಯಂತೆ ಕೇಳಿಸುತ್ತದೆ.

ಈಗ ‘ಮೋರ್ ಬೆಟರ್’. ಮಗಳು ಹೇಳುವುದು ಸರಿ. ‘ಗುಡ್’ಗೆ ತರತಮ ರೂಪ, ಅಂದರೆ ಹೋಲಿಸಿ ಹೇಳುವ ರೂಪ, ‘ಬೆಟರ್’. ‘ಮೋರ್’ ಮಾಡಬೇಕಾದ ಕೆಲಸ ಅದರೊಳಗೆ ಆಗಲೇ ಮುಗಿದಿದೆ, ಮತ್ತೆ ಹಾಕಿದರೆ ಉಪ್ಪು ಹಾಕಿದ ಸಾರಿಗೆ ಇನ್ನೊಮ್ಮೆ ಉಪ್ಪು ಹಾಕಿದ ಹಾಗೆ. ಇವತ್ತಿನ ಇಂಗ್ಲಿಷಿನಲ್ಲಿ ಅದು ತಪ್ಪು, ಸಂದರ್ಶನದಲ್ಲಾಗಲಿ ಪರೀಕ್ಷೆಯಲ್ಲಾಗಲಿ ಬರಬಾರದು. ಆದರೆ ನಗುವ ಮಗಳಿಗೆ ಇದನ್ನೂ ಹೇಳಿ: 1611ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿ ತೋರಿಸಿದ ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ನಾಟಕದಲ್ಲಿ ‘ಮೋರ್ ಬೆಟರ್’ ಇದೆ. ಅದನ್ನು ಹೇಳುವವನು ಪ್ರಾಸ್ಪೆರೋ ಎಂಬ ತಂದೆ, ಕೇಳಿಸಿಕೊಳ್ಳುವವಳು ಅವನ ಮಗಳು ಮಿರಾಂಡ. ಆ ಕಾಲದಲ್ಲಿ ಒತ್ತು ಕೊಡಲು ಹಾಗೆ ಎರಡೆರಡು ಹೇರುವುದು ವಾಡಿಕೆಯಾಗಿತ್ತು. 18ನೇ ಶತಮಾನದ ವ್ಯಾಕರಣಕಾರರು ಅದನ್ನು ತಪ್ಪು ಅಂದರು, ಶಾಲೆಗಳು ಅದನ್ನೇ ಕಲಿಸಿದವು.

ಸಂಸ್ಕೃತದಿಂದ ಬಂದ ಪದಗಳಲ್ಲಿ ನಾವೂ ಇದನ್ನೇ ಮಾಡುತ್ತೇವೆ. ‘ಶ್ರೇಷ್ಠ’ ಎಂದರೇ ಎಲ್ಲರಿಗಿಂತ ಮೇಲಾದದ್ದು. ಜ್ಯೇಷ್ಠ, ಕನಿಷ್ಠ, ಗರಿಷ್ಠ ಎಲ್ಲ ಅದೇ ಅಚ್ಚಿನವು. ಆದರೂ ‘ಅತ್ಯಂತ ಶ್ರೇಷ್ಠ’ ಅನ್ನುತ್ತೇವೆ, ಬಿರುದಾವಳಿಯಲ್ಲಿ ‘ಶ್ರೇಷ್ಠತಮ’ ಅನ್ನುತ್ತೇವೆ, ಅದು ವೇದಕಾಲದ ಸಂಸ್ಕೃತದಲ್ಲೇ ಇದೆ. ‘ಹಾಗೆ ಮಾಡುವುದು ಶ್ರೇಯಸ್ಕರ’ ಎಂಬ ಭಾಷಣದ ಮಾತಿದೆಯಲ್ಲ, ಅದರಲ್ಲಿರುವ ‘ಶ್ರೇಯಸ್’ ಸಾಕ್ಷಾತ್ ಸಂಸ್ಕೃತದ ‘ಬೆಟರ್’.

ನಿಮ್ಮ ಬಾಯಲ್ಲಿ ‘ಮೋರ್’ ಬರುವುದಕ್ಕೆ ಕಾರಣ ‘ಇನ್ನೂ’. ‘ಇದು ಇನ್ನೂ ಚೆನ್ನಾಗಿದೆ’ ಎಂದು ಮನಸ್ಸು ಹೇಳುತ್ತದೆ, ನಾಲಿಗೆ ‘ಇನ್ನೂ’ಗೆ ‘ಮೋರ್’ ಹುಡುಕಿಕೊಳ್ಳುತ್ತದೆ. ಆ ‘ಇನ್ನೂ’ಗೆ ಇಂಗ್ಲಿಷಿನಲ್ಲಿ ಸರಿಯಾದ ಮಾತು ‘ಈವನ್’. ‘ದಿಸ್ ಈಸ್ ಈವನ್ ಬೆಟರ್’ ಅನ್ನಿ. ‘ಎಷ್ಟೋ ವಾಸಿ’ ಅನ್ನಬೇಕಾದರೆ ‘ಮಚ್ ಬೆಟರ್’, ಇನ್ನೂ ಒತ್ತಿ ಹೇಳಲು ‘ಫಾರ್ ಬೆಟರ್’, ‘ಸ್ವಲ್ಪ ಪರವಾಗಿಲ್ಲ’ ಅನ್ನಲು ‘ಎ ಬಿಟ್ ಬೆಟರ್’. ‘ವೆರಿ ಬೆಟರ್’ ಅನ್ನುವುದಿಲ್ಲ. ಈ ಮೂರು ನಾಲ್ಕನ್ನು ಒಂದು ವಾರ ಬೇಕೆಂದೇ ಬಳಸಿ, ‘ಮೋರ್’ ತಾನಾಗಿ ಬಿಟ್ಟುಹೋಗುತ್ತದೆ.

ನೀವು ಕೇಳದ ಒಂದು ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ, ನನ್ನ ವಿದ್ಯಾರ್ಥಿಗಳಲ್ಲಿ ‘ಮೋರ್ ಬೆಟರ್’ಗಿಂತ ಹೆಚ್ಚಾಗಿ ಕಂಡದ್ದು ಅದೇ. ‘ಅದಕ್ಕಿಂತ ಇದು ಬೆಟರ್’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಇಲ್ಲ, ಬೇಕಾಗಿಯೂ ಇಲ್ಲ. ‘ಅವನು ಎತ್ತರ’, ‘ಇದು ನಮ್ಮ ಮನೆ’ ಇವೆಲ್ಲ ನಮಗೆ ಪೂರ್ಣ ವಾಕ್ಯಗಳೇ. ಅದೇ ಅಭ್ಯಾಸದಲ್ಲಿ ‘ದಿಸ್ ಬೆಟರ್ ದ್ಯಾನ್ ದಟ್’ ಬರುತ್ತದೆ, ನಡುವಿನ ‘ಈಸ್’ ಮಾಯ. ಅವಸರದಲ್ಲಿ ಫೋನ್ ಮಾತಾಡುವಾಗ ಗಮನಿಸಿಕೊಳ್ಳಿ.

ಕನ್ನಡದಲ್ಲಿ ಇದಕ್ಕೆ ಪದವಿಲ್ಲವೇ ಎಂದು ಕೇಳಿದ್ದೀರಿ. ಇಂಗ್ಲಿಷಿನಂತೆ, ಸಂಸ್ಕೃತದಂತೆ ಗುಣವಾಚಕದ ಬಾಲಕ್ಕೆ ಪ್ರತ್ಯಯ ಹಚ್ಚಿ ತರತಮ ಹೇಳುವ ಪದ್ಧತಿ ಕನ್ನಡದಲ್ಲಿಲ್ಲ. ತಮಿಳು, ತೆಲುಗು, ಮಲಯಾಳದಲ್ಲೂ ಇಲ್ಲ. ನಮ್ಮಲ್ಲಿ ಆ ಕೆಲಸವೆಲ್ಲ ‘ಗಿಂತ’ದ್ದು. ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯಲ್ಲಿ ರುಚಿಯೂ ಬಂಧುವೂ ಇದ್ದ ಹಾಗೇ ಇವೆ, ತೂಗುವುದು ‘ಗಿಂತ’ ಮಾತ್ರ. ಹಾಗಾಗಿ ಎರಡರಲ್ಲೊಂದು ಮಗ್ಗುಲನ್ನು ಹೇಳದೆ ಬರೀ ‘ಇದು ಒಳ್ಳೇದು’ ಅಂದರೆ ಹೋಲಿಕೆ ಕೇಳಿಸುವುದಿಲ್ಲ. ಅಂಗಡಿಯಲ್ಲಿ ಎರಡು ಸೀರೆ ಹರಡಿಕೊಂಡು ಕೂತಾಗ ‘ಇದು ಬೆಟರ್’ ಅನ್ನುವುದು ಸುಲಭ, ಇನ್ನೊಂದರ ಹೆಸರು ಎತ್ತಬೇಕಾಗಿಲ್ಲ. ‘ಬೆಟರ್’ ನಮ್ಮ ಮಾತಿನೊಳಗೆ ಇಷ್ಟು ಸರಾಗವಾಗಿ ಬಂದು ಕೂತದ್ದಕ್ಕೆ ಇದೇ ದೊಡ್ಡ ಕಾರಣ ಎಂದು ನನ್ನ ಅಭಿಪ್ರಾಯ.

ಆದರೆ ಪದವೇ ಇಲ್ಲ ಅನ್ನುವುದು ಸುಳ್ಳು. ‘ಇದು ವಾಸಿ’ ಅಂದು ನೋಡಿ. ಇನ್ನೊಂದರ ಹೆಸರು ಹೇಳದಿದ್ದರೂ ಹೋಲಿಕೆ ಕೇಳಿಸಿತಲ್ಲ? ‘ಮೇಲು’, ‘ಲೇಸು’ ಇವುಗಳಲ್ಲೂ ಹೋಲಿಕೆ ಒಳಗೇ ಇದೆ. ಒಂದೊಂದಕ್ಕೂ ಒಂದೊಂದು ಬಣ್ಣ. ‘ಮೇಲು’ ಅಂದಾಗ ಅಂತಸ್ತು, ದರ್ಜೆ ಬರುತ್ತದೆ. ‘ಲೇಸು’ ಈಗ ಬರವಣಿಗೆಗೆ, ಗಾದೆಗೆ ಸರಿದಿದೆ. ‘ವಾಸಿ’ ಅಂದಾಗ ಎರಡೂ ಅಷ್ಟೇನೂ ಚೆನ್ನಾಗಿಲ್ಲ, ಅದರಲ್ಲಿ ಇದು ಪರವಾಗಿಲ್ಲ ಅನ್ನುವ ಭಾವ. ‘ಇದ್ದುದರಲ್ಲಿ ವಾಸಿ’, ‘ಮಳೇಲಿ ನೆನೆಯೋದಕ್ಕಿಂತ ಇಲ್ಲೇ ಕಾಯೋದು ವಾಸಿ’. ನನ್ನ ಪಾಲಿಗೆ ‘ವಾಸಿ’ ಬಹಳ ಪ್ರಿಯವಾದ ಪದ. ಎರಡು ಕೆಟ್ಟದ್ದರ ನಡುವೆ ನಿಂತವರ ಮನಸ್ಸನ್ನು ಇಷ್ಟು ಚೆನ್ನಾಗಿ ಹೇಳುವ ಪದ ಇಂಗ್ಲಿಷಿನಲ್ಲಿ ನನಗೆ ಕಂಡಿಲ್ಲ, ‘ಬೆಟರ್’ ಒಂಟಿಯಾಗಿ ಅದನ್ನು ಮಾಡಲಾರದು. ಧಾರವಾಡದ ಕಡೆ ‘ಚಲೋ’ ಇದೆ, ಶಿರಸಿ–ಕುಮಟೆ ಕಡೆ ‘ಅಡ್ಡಿಲ್ಲೆ’ ಇದೆ. ಮನೆಯಲ್ಲಿ ಎಲ್ಲದಕ್ಕೂ ಒಂದೇ ‘ಬೆಟರ್’ ಅಂದುಬಿಟ್ಟರೆ ಮಕ್ಕಳ ಕಿವಿಗೆ ಈ ಬಣ್ಣಗಳು ಬೀಳುವುದೇ ಇಲ್ಲ.

‘ವಾಸಿ’ಗೂ ‘ಬೆಟರ್’ಗೂ ಇನ್ನೊಂದು ಅಚ್ಚರಿಯ ಹೊಂದಿಕೆ ಇದೆ. ಎರಡೂ ಕಾಯಿಲೆಯ ಮಾತುಗಳು. ನಾವು ‘ಜ್ವರ ವಾಸಿಯಾಯ್ತು’ ಅನ್ನುತ್ತೇವೆ, ಅವರು ‘ಹಿ ಈಸ್ ಬೆಟರ್ ನೌ’ ಅನ್ನುತ್ತಾರೆ. ಎಲ್ಲೋ ಇರುವ ಎರಡು ಭಾಷೆಗಳು ‘ಇದಕ್ಕಿಂತ ಅದು ಒಳ್ಳೇದು’ ಅನ್ನುವ ಪದವನ್ನೇ ಹಾಸಿಗೆ ಹಿಡಿದವರು ಎದ್ದು ಕೂತದ್ದಕ್ಕೂ ಬಳಸಿಕೊಂಡಿವೆ. ಆದರೆ ಇಲ್ಲೇ ಒಂದು ಎಡವಟ್ಟು ಕಾದಿರುತ್ತದೆ. ‘ಬೆಟರ್’ಗೆ ಪೂರ್ತಿ ಗುಣವಾಯಿತು ಎಂದೂ ಅರ್ಥವಿದೆ, ನಿನ್ನೆಗಿಂತ ಕಡಿಮೆ ಎಂದೂ ಅರ್ಥವಿದೆ. ‘ವಾಸಿಯಾಯ್ತು’ ಅಂದರೆ ಮುಗಿಯಿತು, ಕಾಯಿಲೆ ಹೋಯಿತು ಎಂದೇ.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ನಮ್ಮ ಸೋದರತ್ತೆಗೆ ಟೈಫಾಯ್ಡ್ ಬಂದು ಆಸ್ಪತ್ರೆಯಲ್ಲಿದ್ದರು. ನಾಲ್ಕನೇ ದಿನ ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ಚಾರ್ಟ್ ನೋಡಿ, ‘ಶೀ ಈಸ್ ಬೆಟರ್ ಟುಡೇ’ ಅಂದು ಮುಂದಿನ ಮಂಚಕ್ಕೆ ಹೋದರು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದ ಮಾವ ತಕ್ಷಣ ಕಾರಿಡಾರಿಗೆ ಹೋಗಿ ಊರಿಗೆ ಫೋನ್ ಮಾಡಿದರು: ‘ವಾಸಿಯಾಗಿದೆಯಂತೆ ಕಣಮ್ಮ.’ ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಸೊಸೆ ಒಂದು ಬ್ಯಾಗಿನಲ್ಲಿ ಒಗೆದ ಸೀರೆ, ಚಪ್ಪಲಿ, ದೇವಸ್ಥಾನದ ಕುಂಕುಮ ಇಟ್ಟುಕೊಂಡು ಬಂದಳು, ಸಂಜೆಗೆ ಮನೆಗೆ ಕರೆದುಕೊಂಡು ಹೋಗಬಹುದು ಅಂತ. ಅತ್ತೆ ಕಣ್ಣು ಬಿಡುವ ಸ್ಥಿತಿಯಲ್ಲೂ ಇರಲಿಲ್ಲ. ಜ್ವರ 104ರಿಂದ 102ಕ್ಕೆ ಇಳಿದಿತ್ತು, ಡಾಕ್ಟರು ಹೇಳಿದ್ದು ಅಷ್ಟನ್ನೇ. ಆ ಹುಡುಗಿ ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, ಅತ್ತೆಯ ಕಾಲ ಬಳಿ ಕೂತು ಅತ್ತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಡಾಕ್ಟರು ತಪ್ಪು ಹೇಳಲಿಲ್ಲ, ಮಾವನೂ ಸುಳ್ಳು ಹೇಳಲಿಲ್ಲ. ಒಂದು ಪದ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ‘ಟುಡೇ’ಯನ್ನು ಅಲ್ಲೇ ಬಿಟ್ಟು ಬಂತು. ಅಂದಿನಿಂದ ಆಸ್ಪತ್ರೆಯಲ್ಲಿ ಯಾರಾದರೂ ‘ಬೆಟರ್’ ಅಂದರೆ ನಾನು ಬಿಡದೆ ಕೇಳುತ್ತೇನೆ: ‘ನಿನ್ನೆಗಿಂತ ಕಡಿಮೆಯೋ, ಪೂರ್ತಿ ಗುಣವೋ?’ ನೀವೂ ಕೇಳಿ. ಕನ್ನಡದಲ್ಲಿ ಹೇಳುವಾಗ ‘ಸ್ವಲ್ಪ ಸುಧಾರಿಸಿದೆ’ ಎಂದೋ, ‘ವಾಸಿಯಾಯ್ತು’ ಎಂದೋ ಬಿಡಿಸಿ ಹೇಳಿ. ವಿಜಯಪುರ, ಬೆಳಗಾವಿ ಕಡೆಯವರು ‘ಈಗ ಆರಾಮ ಅದಾರೇನ್ರೀ?’ ಅಂದಾಗಲೂ ಅದೇ ಎಚ್ಚರ ಬೇಕು.

ಕೆಲವರು ‘ಬೆಟರ್’ ಬಂದದ್ದೇ ನಮ್ಮ ಕಡೆಯಿಂದ, ಉರ್ದುವಿನ ‘ಬೆಹತರ್’ ಎಂಬುದರಿಂದ ಎನ್ನುತ್ತಾರೆ. ಕಲಬುರಗಿ, ಬೀದರಿನ ಓದುಗರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಅರ್ಥ ಒಂದೇ, ಸದ್ದೂ ಒಂದೇ, ಆದರೂ ನಂಟಿಲ್ಲ. ‘ಬೆಹತರ್’ ಪರ್ಷಿಯನ್ ಭಾಷೆಯದು. ‘ಬೆಹ್’ ಎಂದರೆ ಒಳ್ಳೆಯದು, ‘ತರ್’ ತರತಮ ಹೇಳುವ ಪ್ರತ್ಯಯ, ನಮ್ಮ ‘ಗುರುತರ’ದಲ್ಲಿರುವ ಸಂಸ್ಕೃತದ ‘ತರ’ದ ಬಂಧು. ಆ ‘ಬೆಹ್’ ಕೂಡ ಹಿಂದೆ ‘ವೆಹ್’ ಆಗಿತ್ತು, ಮೊದಲಲ್ಲಿ ‘ಬ’ಕಾರವೇ ಇರಲಿಲ್ಲ. ಇಂಗ್ಲಿಷಿನ ‘ಬೆಟರ್’ನಲ್ಲಿ ‘ಬೆಟ್’ ಧಾತು, ಜರ್ಮನ್ನಿನ ‘ಬೆಸ್ಸರ್’, ಡಚ್ಚಿನ ‘ಬೇಟರ್’ ಅದರ ಒಡಹುಟ್ಟುಗಳು. ‘ಗುಡ್’ ಎಂಬುದು ಬೇರೆಯೇ ಮನೆತನದ ಪದ. ಅದಕ್ಕೇ ‘ಗುಡ್’ಗೂ ‘ಬೆಟರ್’ಗೂ ಮುಖ ಹೋಲಿಕೆ ಇಲ್ಲದಿರುವುದು, ಇಂಗ್ಲಿಷ್ ಮನೆಮಾತಿನ ಪುಟ್ಟ ಮಕ್ಕಳು ಮೊದಮೊದಲು ‘ಗುಡ್ಡರ್’ ಅನ್ನುವುದು.

ನಿಮ್ಮ ಕೆಲಸದಲ್ಲಿ ಎದುರಾಗಬಹುದಾದ ಎರಡು ಮಾತು ಹೇಳಿ ಮುಗಿಸುತ್ತೇನೆ. ಇಂಗ್ಲೆಂಡಿನವರು ‘ಇಟ್ ಟುಕ್ ದಿ ಬೆಟರ್ ಪಾರ್ಟ್ ಆಫ್ ಎ ವೀಕ್’ ಎಂದು ಬರೆದರೆ ವಾರದ ಒಳ್ಳೆಯ ಭಾಗ ಅಂತಲ್ಲ, ವಾರದ ಅರ್ಧಕ್ಕಿಂತ ಹೆಚ್ಚು ದಿನ ಹಿಡಿಯಿತು ಎಂದರ್ಥ. ಡೆಲಿವರಿ ಲೆಕ್ಕ ಹಾಕುವಾಗ ಇದು ಗೊತ್ತಿರಬೇಕು. ಎರಡನೆಯದು, ‘ಯು ಶುಡ್ ನೋ ಬೆಟರ್’. ‘ನಿಮಗೇ ನನಗಿಂತ ಚೆನ್ನಾಗಿ ಗೊತ್ತು’ ಎಂಬ ಗೌರವದ ಮಾತನ್ನು ನಮ್ಮವರು ಹೀಗೆ ಬರೆಯುವುದನ್ನು ಕಂಡಿದ್ದೇನೆ. ಅದರ ನಿಜವಾದ ಅರ್ಥ ‘ಇಷ್ಟು ತಿಳಿದವರಾಗಿ ಹೀಗೆ ಮಾಡಬಹುದೇ’ ಎಂಬ ಬೈಗುಳ. ಗೌರವಕ್ಕೆ ‘ಯೂಡ್ ನೋ ದಿಸ್ ಬೆಟರ್ ದ್ಯಾನ್ ಐ ಡು’ ಎಂದು ಪೂರ್ತಿ ಬರೆಯಿರಿ.

ಆ ಗ್ರಾಹಕರಿಗೆ ಇವತ್ತೇ ಒಂದು ಮೇಲ್ ಹಾಕಿ. ದೊಡ್ಡ ಕ್ಷಮಾಪಣೆ ಬೇಕಿಲ್ಲ, ಇಷ್ಟು ಸಾಕು: ‘ಥ್ಯಾಂಕ್ ಯು ಫಾರ್ ದಿ ಡ್ರಾಯಿಂಗ್ಸ್. ದೇರ್ ವಾಸ್ ನೋ ಪ್ರಾಬ್ಲಮ್ ಅಟ್ ಆಲ್. ಐ ಓನ್ಲಿ ಮೆಂಟ್ ದಟ್ ಫ್ರೈಡೇ ವುಡ್ ಬಿ ಬೆಟರ್ ಫಾರ್ ಅಸ್.’ ಡ್ರಾಯಿಂಗಿಗೆ ಧನ್ಯವಾದ, ತೊಂದರೆ ಏನೂ ಇರಲಿಲ್ಲ, ಶುಕ್ರವಾರವಾದರೆ ನಮಗೆ ಅನುಕೂಲ ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು ಎಂದು ಅದರ ಅರ್ಥ. ‘ಬೆಟರ್’ ಅಲ್ಲೂ ಇದೆ, ಆದರೆ ಈ ಸಲ ಅದು ಶುಕ್ರವಾರದ ಬಗ್ಗೆ ಮಾತಾಡುತ್ತಿದೆ, ಅವರ ಬಗ್ಗೆ ಅಲ್ಲ.